ಅಂಗಿಯ ಅಂಚಿನ ಹಸಿರು ದಾರ

ಮಿಷನ್ನಿನ ಹೊಲಿಗೆ ಕೋಣೆಗೆ ಕಿಟಕಿ ಒಂದೇ. ಅದರ ಕೆಳಗೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಪಕ್ಕದಲ್ಲಿ ಗೋಡೆಗೆ ಒರಗಿಸಿದ ಒಂದು ರಟ್ಟು. ರಟ್ಟಿನ ಮೇಲೆ ಮನೆಗೊಂದರಂತೆ ಬಣ್ಣದ ದಾರದ ಗಂಟುಗಳು. ಹೊಳೆಯಾಚೆ ಕಲ್ಲು ಒಡೆಯಲು ಹೋಗುವ ಗಂಡಸರ ಅಂಗಿಯ ಕೆಳ ಅಂಚಿಗೆ, ಒಳಮಗ್ಗುಲಲ್ಲಿ, ಹೊಲಿಗೆಯಕ್ಕ ಅವರವರ ಮನೆಯ ಬಣ್ಣದಲ್ಲಿ ಏಳು ಹೊಲಿಗೆ ಹಾಕಿ ಕಳಿಸುತ್ತಿದ್ದಳು.

ಇದು ಸಿಸ್ಟರ್ ಹಾಕಿಕೊಟ್ಟ ಪದ್ಧತಿ. ಎರಡು ಕಡೆಯವರ ಗುಂಡಿನ ಸದ್ದು ಶುರುವಾದಾಗ ಮಿಷನ್ನಿನ ಉಳಿದವರು ಪಟ್ಟಣಕ್ಕೆ ಹೊರಟರೂ ಆಕೆ ಇಲ್ಲೇ ಉಳಿದಿದ್ದರು. ದಾರಿಯಲ್ಲಿ ಸತ್ತವರನ್ನು ಕಾವಲುಠಾಣೆಯಿಂದ ಬಿಡಿಸಿ ತರಲು ಮನೆಯವರ ಜೊತೆ ನಡೆದು ಹೋಗುವುದೇ ಆಕೆಯ ಕೆಲಸವಾಗಿತ್ತು. ವಾರಗಟ್ಟಲೆ ಬಿಸಿಲಿಗೆ ಬಿದ್ದ ಮುಖ ಹೆತ್ತವಳಿಗೂ ಗುರುತು ಸಿಗುತ್ತಿರಲಿಲ್ಲ. ಅಂಗಿಯ ಮೇಲೆ ಹೆಸರು ಬರೆಯುವಂತಿರಲಿಲ್ಲ. ಹೆಸರು ಕಂಡರೆ ಯಾವ ಕಡೆಯವನೆಂದು ತಿಳಿಯುತ್ತಿತ್ತು, ಅಷ್ಟಕ್ಕೇ ಕೊಲ್ಲುತ್ತಿದ್ದರು. ಸಿಸ್ಟರ್ ಮಾತಾಡುವುದು ಪುಸ್ತಕ ಓದಿದ ಹಾಗೆ, ತಲೆ ಓಡುವುದು ಮಾತ್ರ ನಾಲ್ಕು ಮಕ್ಕಳ ತಾಯಿಯ ಹಾಗೆ ಎಂದು ಹೆಂಗಸರು ನಗುತ್ತಿದ್ದರು.

ಬುಟ್ಟಿ ಹೆಣೆಯುವವಳ ಮಗ, ಸೂಲಗಿತ್ತಿಯ ಮಗ ಒಂದೇ ಗಾಡಿಯಲ್ಲಿ ಹೋದವರು ಬರಲಿಲ್ಲ. ಇಪ್ಪತ್ತು ದಿನದ ಮೇಲೆ ಒಂದು ಹೆಣ ಸಿಕ್ಕಿತು. ಅಂಚಿನಲ್ಲಿದ್ದದ್ದು ಹಸಿರು ದಾರ. ಹಸಿರು ಬುಟ್ಟಿಯವಳ ಮನೆಯದು. ಅವಳು ಎದೆ ಬಡಿದುಕೊಂಡು ಅತ್ತಳು, ಮಣ್ಣು ಮಾಡಿದರು.

ಮೂರನೆಯ ದಿನ ಸಿಸ್ಟರ್ ಆ ಅಂಗಿಯನ್ನು ಒಗೆದು ತಂದು ಮೇಜಿನ ಮೇಲಿಟ್ಟಾಗ ಹೊಲಿಗೆಯಕ್ಕನ ಕೈ ನಿಂತುಹೋಯಿತು. ಹೋಗುವ ದಿನ ಸೂಲಗಿತ್ತಿಯ ಮಗ ಬಾಗಿಲಲ್ಲಿ ನಿಂತು, ಗಾಡಿ ಹೊರಡುತ್ತೆ ಬೇಗ ಹಾಕಕ್ಕಾ ಎಂದು ಅವಸರ ಮಾಡಿದ್ದ. ಅವರ ಮನೆಯ ಹಳದಿ ದಾರ ಮುಗಿದಿತ್ತು. ಸೂಜಿಯಲ್ಲಿದ್ದದ್ದು ಹಸಿರು. ಬಂದ ಮೇಲೆ ಬಿಚ್ಚಿ ಹಾಕಿದರಾಯಿತೆಂದು ಅದನ್ನೇ ಹೊಲಿದು ಕಳಿಸಿದ್ದಳು. ಮಣ್ಣಾದದ್ದು ಇಬ್ಬರಲ್ಲಿ ಯಾರೆಂದು ಈಗ ಆ ದಾರ ಹೇಳುತ್ತಿರಲಿಲ್ಲ.

ಅವಳು ಅಳುತ್ತಲೇ ಎಲ್ಲ ಹೇಳಿದಳು. ಸಿಸ್ಟರ್ ಬೈಯಲಿಲ್ಲ. ಇಬ್ಬರು ತಾಯಂದಿರಿಗೂ ನಿಜ ಹೇಳಲೇಬೇಕು, ಮೊದಲು ಸೂಲಗಿತ್ತಿಗೆ ಎಂದರು.

ಸೂಲಗಿತ್ತಿ ಹಿತ್ತಲಲ್ಲಿ ಮಗನ ಸ್ನಾನಕ್ಕೆಂದು ಹಂಡೆ ತುಂಬುತ್ತಿದ್ದಳು, ದಿನಾ ತುಂಬುತ್ತಿದ್ದಳು. ಇಬ್ಬರೂ ಹೋಗಿ ದಾರದ ವಿಷಯ ಹೇಳಿದಾಗ, ಕೈ ಒರೆಸಿಕೊಂಡು ಅವರು ತಂದ ಅಂಗಿಯನ್ನು ಮಡಿಲಿಗೆ ತೆಗೆದುಕೊಂಡಳು. ಅಂಚು ನೋಡಲಿಲ್ಲ. ಕತ್ತಿನ ಗುಂಡಿಯ ಹಿಂಬದಿಯನ್ನು ಹೆಬ್ಬೆರಳಿನಿಂದ ತಡವಿದಳು.

"ನಮ್ಮವನದಲ್ಲ, ಸಿಸ್ಟರ್" ಎಂದು ವಾಪಸು ಕೊಟ್ಟಳು.

ಹೊಲಿಗೆಯಕ್ಕನಿಗೆ ಹೋದ ಜೀವ ಬಂದಂತಾಯಿತು. ಇನ್ನು ಬುಟ್ಟಿಯವಳಿಗೆ ಹೇಳುವುದೇನೂ ಉಳಿದಿಲ್ಲವೆಂದು ಅಂಗಿಯನ್ನು ಅವಳಿಗೇ ಕೊಡಲು ಎತ್ತಿಟ್ಟರು.

ನಾಲ್ಕು ದಿನ ಬಿಟ್ಟು ಸೂಲಗಿತ್ತಿ ಹೊಲಿಗೆ ಕೋಣೆಗೆ ಬಂದಳು. ಮಗನ ಇನ್ನೊಂದು ಅಂಗಿ ತಂದಿದ್ದಳು. ಇದರ ಹಳದಿ ದಾರ ಬಿಚ್ಚಿ, ಅಂಗಿ ಇಲ್ಲದವರು ಯಾರಿಗಾದರೂ ಕೊಡು ಎಂದಳು. ಹೊಲಿಗೆಯಕ್ಕ ಅಂಗಿ ಹರಡಿದಳು. ಪ್ರತಿ ಗುಂಡಿಯ ಹಿಂದೆಯೂ ಎರಡು ಸುತ್ತಿನ ಗಟ್ಟಿ ಗಂಟು, ಮಗುವಿನ ಹೊಕ್ಕುಳ ಬಳ್ಳಿಗೆ ಸೂಲಗಿತ್ತಿ ಹಾಕುವ ಗಂಟು. ಎತ್ತಿಟ್ಟ ಅಂಗಿಯನ್ನು ತೆಗೆದು ಕತ್ತಿನ ಗುಂಡಿ ತಿರುಗಿಸಿದಳು. ಅಲ್ಲೂ ಅದೇ ಗಂಟು.

"ಅವತ್ತು ಯಾಕೆ ಹಂಗಂದೆ, ಅಮ್ಮಾ?"

"ಅವತ್ತು ಬೆಳಿಗ್ಗೆ ಬುಟ್ಟಿಯವಳು ಮೊದಲ ಸಲ ಎರಡು ತುತ್ತು ಉಂಡಿದ್ಲಂತೆ. ಮತ್ತೆ ಬಾಗಿಲು ಕಾಯ್ತಾ ಕೂರು ಅಂತ ಹೇಳ್ಲಾ? ಕಾಯೋದು ಹೆಂಗಿರುತ್ತೆ ಅಂತ ನಂಗೊತ್ತು."

"ಅವಳ ಮಗ ಬಂದ್ಬಿಟ್ರೆ?"

"ಬರ್ಲಿ. ಈ ಕೈಯಲ್ಲೇ ಹುಟ್ಟಿದ್ದು ಅದು. ಬಂದ ದಿನ ಆ ಗೋರಿ ನಂದು ಅಂತೀನಿ. ಅಲ್ಲಿ ತನಕ ಅವಳೇ ಅಳ್ಲಿ. ಅತ್ತಿದ್ದೆಲ್ಲ ನನ್ನ ಮಗನಿಗೇ ತಾನೆ ಹೋಗೋದು."

ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಎಲ್ಲವೂ ಕೇಳಿಸಿತ್ತು. ಸೂಲಗಿತ್ತಿ ಅವರತ್ತ ತಿರುಗಿದಳು.

"ಹೇಳಲೇಬೇಕು ಅಂದ್ರೆ ಹೇಳಿ, ತಾಯಿ. ಆದ್ರೆ ಅವಳ ಜೊತೆ ದಿನಾ ಬಾಗಿಲಲ್ಲಿ ಕೂರೋಕೆ ನೀವೂ ಹೋಗ್ಬೇಕಾಗುತ್ತೆ."

ಸಿಸ್ಟರ್ ಒಳಗೆ ಬಂದರು. ಕೆಳಗೆ ಕೂತು, ಅಂಗಿಯ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಟ್ಟರು. ಹೊಲಿಗೆಯಕ್ಕ ಏಳು ಹಳದಿ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು.

ಬಟ್ಟೆಯಲ್ಲಿ ಸೂಜಿಯ ಸಣ್ಣ ತೂತುಗಳು ಉಳಿದವು. ಸೂಲಗಿತ್ತಿ ಬಾಗಿ, ಹೆಬ್ಬೆರಳಿನ ಉಗುರಿನಿಂದ ಅವು ಮುಚ್ಚುವ ತನಕ ಉಜ್ಜುತ್ತ ಕೂತಳು.