ಚುಕ್ಕಿಗೆ ಹಾಕಿದ ಲಗಾಮು

ನಮ್ಮ ಮಾವನವರಿಗೆ ಹೆಸರಿನ ಆಸೆ ಇಲ್ಲ. ಇದನ್ನು ದಿನ ಬೆಳಗಾದರೆ ಅವರೇ ಹೇಳುತ್ತಾರೆ. ಮನೆಯಲ್ಲಿ ಕೇಳುವವರು ಸಿಗದಿದ್ದರೆ ಪಕ್ಕದ ಮನೆಯವರನ್ನು ಕರೆದು ನಿಲ್ಲಿಸಿಕೊಂಡಾದರೂ ಹೇಳುತ್ತಾರೆ.

ಕಂಪ್ಯೂಟರಿನ ಒಂದೊಂದು ಆದೇಶಕ್ಕೂ ಒಂದೊಂದು ಕೈಪಿಡಿ ಪುಟ ಬರೆಯುವ ಕಚೇರಿಯಲ್ಲಿ ಅವರು ಕೂದಲು ನರೆಯುವವರೆಗೆ ದುಡಿದವರು. ಆ ಪುಟಗಳನ್ನು ಅಂದವಾಗಿ ಜೋಡಿಸಲು ಒಂದು ಪುಟ್ಟ ಭಾಷೆಯನ್ನೇ ಕಟ್ಟಿದ್ದರು. ಅದರಲ್ಲಿ ಸಾಲಿನ ಮೊದಲಿಗೆ ಚುಕ್ಕಿ ಇಟ್ಟರೆ ಆ ಸಾಲು ಓದುಗರಿಗಲ್ಲ, ಯಂತ್ರಕ್ಕೆ ಹೇಳಿದ್ದು. ‘.ತಲೆ’ ಅಂದರೆ ತಲೆಬರಹ ಮಾಡು, ‘.ದಪ್ಪ’ ಅಂದರೆ ದಪ್ಪಕ್ಷರದಲ್ಲಿ ಹಾಕು. ಇಂಥವಕ್ಕೆ ಮ್ಯಾಕ್ರೊ ಅನ್ನುತ್ತಾರೆ. ಮಾವ ನಿವೃತ್ತರಾದ ಮೇಲೆ ಅದೇ ಕಚೇರಿಗೆ ನಾನು ಸೇರಿ ಅವರ ಕುರ್ಚಿಯಲ್ಲೇ ಕುಳಿತೆ. ನಾನು ಸೊಸೆಯಾಗಿ ಮನೆಗೆ ಬಂದದ್ದನ್ನು ಅವರು ಸುಲಭವಾಗಿ ಸಹಿಸಿಕೊಂಡರು, ಕುರ್ಚಿಗೆ ಬಂದದ್ದನ್ನು ಸಹಿಸಲು ತುಸು ಕಾಲ ಹಿಡಿಯಿತು ಎಂದು ಅತ್ತೆ ಈಗಲೂ ಛೇಡಿಸುತ್ತಾರೆ.

ಊರಿಗೆಲ್ಲ ಕೈಪಿಡಿ ಬರೆಯುವ ಆ ಕಚೇರಿಯಲ್ಲಿ ಈ ಮ್ಯಾಕ್ರೊಗಳಿಗೆ ಮಾತ್ರ ಕೈಪಿಡಿ ಇರಲಿಲ್ಲ. ಇದ್ದದ್ದೆಲ್ಲ ಮಾವನ ತಲೆಯಲ್ಲಿ. ಕಚೇರಿಯ ಮುಖ್ಯಸ್ಥೆಯಾಗಿ ಹೊಸದಾಗಿ ಬಂದ ಮೇಡಂ ಇದನ್ನು ಕೇಳಿ ಹೌಹಾರಿ, ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ನಮ್ಮ ಪುಟಗಳಲ್ಲಿ ಬರೆದವರ ಹೆಸರು ಹಾಕುವ ಪದ್ಧತಿ ಇಲ್ಲ. ಆದರೂ ಈ ಪುಟದ ಕೊನೆಗೆ ‘ರಚನೆ’ ಎಂಬ ಭಾಗ ಸೇರಿಸಿ ಮಾವನ ಹೆಸರು ಕೊಡೋಣ ಅಂದರು.

“ನನಗ್ಯಾಕಮ್ಮಾ ಹೆಸರು? ಬೇಡ ಅಂದ್ಬಿಡು,” ಅಂದರು ಮಾವ. ಊಟ ಮುಗಿಯುವ ಹೊತ್ತಿಗೆ, “ಹಾಕೋದೇ ಆದ್ರೆ ದಪ್ಪಕ್ಷರ ಬೇಡ,” ಅಂದರು. ಕೈ ತೊಳೆದು ಬಂದು, “ಇನಿಷಿಯಲ್ ಎರಡೂ ಹಾಕ್ತಾರೆ ತಾನೆ?” ಎಂದು ಕೇಳಿದರು.

“ಬೇಡ ಅನ್ನೋರ ವರಸೆ ನೋಡು,” ಎಂದರು ಅತ್ತೆ. ಆದರೆ ಆಸೆ ಅವರಿಗೂ ಇತ್ತು. ಇಷ್ಟು ವರ್ಷ ಗಂಡ ಕಚೇರಿಯಲ್ಲಿ ಏನು ಮಾಡುತ್ತಿದ್ದರು ಎಂದು ನೆಂಟರು ಕೇಳಿದರೆ ತೋರಿಸಲು ಅವರ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ.

ಮಾವನ ಬಾಯಿಂದ ವಿವರ ಹೊರಡಿಸುವಷ್ಟರಲ್ಲಿ ಸಾಕುಸಾಕಾಯಿತು. ಯಾವ ಮ್ಯಾಕ್ರೊ ಕೇಳಿದರೂ “ನೋಡಿದ್ರೆ ಗೊತ್ತಾಗುತ್ತಲ್ಲಮ್ಮಾ, ಅದಕ್ಕೇನು ಬರೆಯೋದು?” ಎಂದೇ ಉತ್ತರ. ಜಗಳ ಹತ್ತಿದ್ದು ‘.ಮುಚ್ಚು’ ಬಗ್ಗೆ ಬರೆಯುವಾಗ. ನಮ್ಮನಮ್ಮಲ್ಲೇ ಇರಬೇಕಾದ ಟಿಪ್ಪಣಿಯನ್ನು ಅಚ್ಚಿನಿಂದ ಮರೆಮಾಡಲು ಇರುವ ಮ್ಯಾಕ್ರೊ ಅದು. ‘.ಮುಚ್ಚು’ ಎಂದ ಕಡೆಯಿಂದ ‘.ತೆರೆ’ ಸಿಗುವವರೆಗೆ ಯಂತ್ರ ಏನನ್ನೂ ಅಚ್ಚು ಮಾಡುವುದಿಲ್ಲ.

ಈಗ ಇದನ್ನು ಉದಾಹರಣೆಯಾಗಿ ತೋರಿಸಬೇಕು. ಸಾಲಿನ ಮೊದಲಿಗೆ ‘.ಮುಚ್ಚು’ ಎಂದು ಬರೆದರೆ ಪಾಪ, ಯಂತ್ರಕ್ಕೆ ಅದು ಉದಾಹರಣೆ ಎಂದು ಹೇಗೆ ಗೊತ್ತಾಗಬೇಕು? ಅದು ಮುಚ್ಚಿಯೇ ಬಿಡುತ್ತದೆ. ಅದಕ್ಕೆ ಚುಕ್ಕಿಯ ಮುಂದೆ ಒಂದು ಓರೆಗೆರೆ ಎಳೆಯುತ್ತೇವೆ. ಆಗ ಮ್ಯಾಕ್ರೊ ಕೆಲಸ ಮಾಡದೆ ಸುಮ್ಮನೆ ಅಕ್ಷರವಾಗಿ ಕೂರುತ್ತದೆ, ಓರೆಗೆರೆ ಅಚ್ಚಿನಲ್ಲಿ ಕಾಣುವುದೂ ಇಲ್ಲ. ಕಚೇರಿಯಲ್ಲಿ ಅದನ್ನು ಲಗಾಮು ಎಂದು ಕರೆಯುತ್ತೇವೆ.

“ನನ್ನ ಚುಕ್ಕಿ ಮುಂದೆ ಇದೇನಮ್ಮಾ ಕಸ?” ಎಂದು ಮಾವ ಮುಖ ಸಿಂಡರಿಸಿದರು. “ಇಷ್ಟು ವರ್ಷ ಬರೆದಿದೀನಿ. ಒಂದು ಸಲಾನೂ ಇದು ಬೇಕಾಗ್ಲಿಲ್ಲ.”

ಅದೇನೋ ನಿಜ. ಅವರು ಮ್ಯಾಕ್ರೊಗಳಿಂದ ಬರೆದಿದ್ದರೇ ಹೊರತು ಮ್ಯಾಕ್ರೊಗಳ ಬಗ್ಗೆ ಎಂದೂ ಬರೆದಿರಲಿಲ್ಲ. ಲಗಾಮು ಹಾಕುವ ಪ್ರಸಂಗವೇ ಬಂದಿರಲಿಲ್ಲ. ಇದನ್ನು ನಾನು ಸಮಾಧಾನವಾಗಿ ವಿವರಿಸಿದೆ. ಅವರು ಸಮಾಧಾನವಾಗಿ ಕೇಳಿಸಿಕೊಳ್ಳಲಿಲ್ಲ.

ಪುಟವನ್ನು ಅಚ್ಚಿಗೆ ಕಳಿಸಬೇಕಾದ ದಿನ ಮಾವ “ಸುಮ್ಮನೆ ಈ ಕಡೆ ಬಂದೆ” ಎನ್ನುತ್ತಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಬಂದರು. ಹಳೆಯ ಕುರ್ಚಿಯಲ್ಲಿ ಕೂರಿಸಿ, ಪರದೆಯ ಮೇಲೆ ಪುಟ ತೆರೆದಿಟ್ಟು, ಟೀ ತರಲು ಹೋದೆ. ತಂದಾಗ ಅವರು ಕೈಕಟ್ಟಿ ಕುಳಿತು ಗೋಡೆಯ ಗಡಿಯಾರ ನೋಡುತ್ತಿದ್ದರು. ಅಷ್ಟು ಸಾಧುವಾಗಿ ಕುಳಿತಿದ್ದನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ಪುಟವನ್ನು ಬೆಳಿಗ್ಗೆಯಷ್ಟೇ ಪರೀಕ್ಷಿಸಿದ್ದೆನಲ್ಲ ಎಂಬ ಧೈರ್ಯದಲ್ಲಿ ಹಾಗೆಯೇ ಕಳಿಸಿಬಿಟ್ಟೆ.

ಮರುದಿನ ಲಕೋಟೆಯೊಂದರಲ್ಲಿ ಅಚ್ಚಾದ ಪ್ರತಿ ಮನೆಗೇ ಬಂತು. ಅತ್ತೆ ತಮ್ಮ ತಂಗಿಯನ್ನು ಕರೆಸಿ ಸೋಫಾದಲ್ಲಿ ಕೂರಿಸಿದ್ದರು. ಮಾವ ಕನ್ನಡಕ ಒರೆಸಿ ಲಕೋಟೆ ಒಡೆದರು. ಮೊದಲ ಹಾಳೆ ಮುಗಿಯಿತು, ಎರಡನೆಯದನ್ನು ತಿರುವಿದರು. ಅಲ್ಲಿ ಅರ್ಧ ಪುಟ ಮಾತ್ರ ಇತ್ತು. ‘ಉದಾಹರಣೆ:’ ಎಂಬಲ್ಲಿಗೆ ನಿಂತು ಕೆಳಗೆಲ್ಲ ಬಿಳಿ ಕಾಗದ. ‘ರಚನೆ’ ಇರಲಿಲ್ಲ. ಹೆಸರೂ ಇರಲಿಲ್ಲ.

“ಚೆನ್ನಾಗಿ ಬಂದಿದೆ,” ಎಂದು ಮಾವ ಹಾಳೆಗಳನ್ನು ಮಡಿಚಿದರು. “ಚಿಕ್ಕದಾಗಿ ಮುಗಿಸಿದೀಯಮ್ಮಾ. ಹೆಸರು ಬೇಡ ಅಂತ ನಾನೇ ಹೇಳಿದ್ನಲ್ಲ.” ಹಾಗೆ ಹೇಳಿ ಎದ್ದು, ಆಗಲೇ ನೀರು ಹಾಕಿದ್ದ ಹೂಕುಂಡಗಳಿಗೆ ಮತ್ತೆ ನೀರು ಹಾಕಲು ಹೋದರು.

ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. “ಒಂದು ಸಾಲು ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಹಾಕಿದ ಹೆಸರು ಎಲ್ಲಿ ಹೋಯಿತು?

ಲ್ಯಾಪ್‌ಟಾಪ್ ತೆಗೆದು ಕಡತ ತೆರೆದೆ. ಹೆಸರು ಇತ್ತು, ಇನಿಷಿಯಲ್ ಎರಡೂ ಇದ್ದವು. ಮೇಲೆ ಹೋಗಿ ನೋಡಿದರೆ ಉದಾಹರಣೆಯ ‘.ಮುಚ್ಚು’ ಲಗಾಮಿಲ್ಲದೆ ನಿಂತಿದೆ! ಅದರ ಕೆಳಗಿನ ‘.ತೆರೆ’ಗೆ ಮಾತ್ರ ಲಗಾಮು ಹಾಗೇ ಇದೆ. ಮುಚ್ಚಿದ್ದು ನಿಜವಾಗಿ ಮುಚ್ಚಿತು, ತೆರೆಯಬೇಕಾದದ್ದು ಬರೀ ಅಕ್ಷರವಾಗಿ ಉಳಿಯಿತು. ಮುಂದಿನದೆಲ್ಲ, ಮಾವನ ಹೆಸರೂ ಸೇರಿ, ನುಂಗಿಹೋಗಿತ್ತು. ಮಾವ ಒಂದು ಲಗಾಮು ಕಿತ್ತು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಟೀ ಬಂದಿರಬೇಕು.

ಅಷ್ಟರಲ್ಲಿ ಮೇಡಂ ಫೋನ್ ಬಂತು. ಕೈಯಲ್ಲಿ ಲ್ಯಾಪ್‌ಟಾಪ್ ಇದ್ದದ್ದರಿಂದ ಸ್ಪೀಕರಿಗೆ ಹಾಕಿದೆ.

“ಪುಟ ಅರ್ಧಕ್ಕೇ ನಿಂತಿದೆಯಲ್ಲ. ಕೊನೇ ಬದಲಾವಣೆ ನಿಮ್ಮ ಹೆಸರಲ್ಲೇ ಇದೆ. ಸರಿಮಾಡಿ ಮತ್ತೆ ಅಚ್ಚು ಹಾಕೋಣ, ಆದ್ರೆ ನಿಯಮ ಗೊತ್ತಲ್ಲ? ತಪ್ಪು ಯಾರದು, ಏನು ಅಂತ ಪುಟದ ಕೆಳಗೆ ತಿದ್ದುಪಡಿ ಸಾಲು ಬರುತ್ತೆ. ನಿಮ್ಮದು ಅಂತ ಹಾಕ್ಲಾ?”

ಮಾವ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಪರದೆ ಅವರಿಗೂ ಕಾಣುತ್ತಿತ್ತು. ತಮ್ಮ ಪುಟದಲ್ಲಿ ತಿದ್ದುಪಡಿ ಸಾಲು ಎಂದೂ ಬಂದಿಲ್ಲ ಎಂಬುದು ಅವರು ಹೇಳಿಕೊಳ್ಳುತ್ತಿದ್ದ ಒಂದೇ ಬಡಾಯಿ. ಮೊದಲ ಸಲ ಅವರ ಹೆಸರು ಬರುವ ಪುಟದಲ್ಲೇ ತಪ್ಪೂ ಅವರ ಹೆಸರಿಗೆ ಬರುವುದು ಬೇಡ ಅನ್ನಿಸಿತು ನನಗೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. “ಹಾಕಿ ಮೇಡಂ,” ಎನ್ನಲು ಬಾಯಿ ತೆರೆದೆ.

“ತಪ್ಪು ನಂದು ಮೇಡಂ,” ಎಂದರು ಮಾವ, ಫೋನಿನತ್ತ ಬಾಗಿ, ಕೂಗಿಯೇ. ಚೊಂಬಿನ ನೀರು ಅವರ ಕಾಲ ಮೇಲೆ ಚೆಲ್ಲಿತು. “ಇವಳು ಸರಿಯಾಗೇ ಬರ್ದಿದ್ಲು. ಕೆಡಿಸಿದ್ದು ನಾನು. ನನ್ನ ಹೆಸರು ಹಾಕಿ. ಬರ್ಕೊಳ್ಳಿ, ಹೇಳ್ತೀನಿ: ಸೊಸೆ ಹಾಕಿದ ಲಗಾಮನ್ನು ಮಾವ ಕಿತ್ತದ್ದರಿಂದ ಆದ ತಪ್ಪು.”

“ಸರ್, ಕೈಪಿಡೀಲಿ ಮಾವ, ಸೊಸೆ ಅಂತೆಲ್ಲ ಹಾಕೋಕಾಗಲ್ಲ,” ಎಂದರು ಮೇಡಂ. ನಗು ತಡೆದುಕೊಂಡು ಮಾತಾಡುತ್ತಿದ್ದರು.

“ಹಾಗಾದ್ರೆ ಮಾವ ಅನ್ನೋ ಕಡೆ ನನ್ನ ಹೆಸರು, ಸೊಸೆ ಅನ್ನೋ ಕಡೆ ಇವಳ ಹೆಸರು ಹಾಕಿ. ಇನಿಷಿಯಲ್ ಸಮೇತ.”

ಅತ್ತೆ ಬಂದು ನನ್ನ ಪಕ್ಕ ಕುಳಿತು, ನನ್ನ ಕೈ ಹಿಡಿದುಕೊಂಡರು. ಮಾವ ಒದ್ದೆ ಕಾಲಲ್ಲೇ ನಿಂತು, ನನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ ಮೇಡಂಗೆ ಹೇಳುತ್ತಿದ್ದರು.