ಗೆರ್ನಾಟ್ ಹಾಡು ನಿಲ್ಲಿಸಿದ್ದು

ನಮ್ಮ ಸಂಗೀತ ತಂಡ ಕಟ್ಟಿದವನೇ ಗೆರ್ನಾಟ್. ಜರ್ಮನಿಯ ತ್ಸೆಲ್ಲೆ ಊರಿನಾಚೆ ಅವನ ಚಿಕ್ಕಪ್ಪ ಹಂದಿ ಸಾಕಣೆ ಬಿಟ್ಟಿದ್ದರು. ಆ ಖಾಲಿ ಕೊಟ್ಟಿಗೆಯನ್ನು ತೊಳೆದು, ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದು, ನಮಗೆ ಅಭ್ಯಾಸದ ಜಾಗ ಮಾಡಿಕೊಟ್ಟ. ಹೈಡ್ರೂನ್ ಆರ್ಗನ್ ನುಡಿಸುತ್ತಿದ್ದಳು, ಫೋಲ್ಕರ್ ಡ್ರಮ್, ನಾನು ಬೇಸ್ ಗಿಟಾರ್. ಹಾಡುವವನು ಗೆರ್ನಾಟ್.

೧೯೭೧ರಲ್ಲಿ ನಮ್ಮಂಥವರು ಜರ್ಮನ್‌ನಲ್ಲಿ ಹಾಡುತ್ತಿರಲಿಲ್ಲ. ಅದು ಯುದ್ಧ ಮಾಡಿ ಬಂದ ಅಪ್ಪಂದಿರ ಬಾಯಿಯ ಭಾಷೆ ಅನ್ನಿಸುತ್ತಿತ್ತು. ಗೆರ್ನಾಟ್ ನಿಘಂಟು ಹಿಡಿದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ತಪ್ಪು ಹಿಡಿಯುವಷ್ಟು ಇಂಗ್ಲಿಷು ನಮಗ್ಯಾರಿಗೂ ಬರುತ್ತಿರಲಿಲ್ಲ.

ಆ ವಸಂತದಲ್ಲಿ ಊರಿನ ಸಭಾಂಗಣದಲ್ಲಿ ನುಡಿಸಿದೆವು. ಯುದ್ಧ ಮುಗಿದಾಗಿನಿಂದ ಪಕ್ಕದ ಶಿಬಿರದಲ್ಲೇ ಇದ್ದ ಬ್ರಿಟಿಷ್ ಸೈನಿಕರೂ ಬಂದಿದ್ದರು. ‘ನನಗೆ ರೆಕ್ಕೆ ಸಿಗುತ್ತದೆ’ ಎನ್ನಲು ಹೋಗಿ ಗೆರ್ನಾಟ್ ‘ನಾನೇ ರೆಕ್ಕೆಯಾಗುತ್ತೇನೆ’ ಎಂದು ಹಾಡಿದ; ನಮ್ಮ ಭಾಷೆಯ ‘ಸಿಗು’ ಇಂಗ್ಲಿಷಿನ ‘ಆಗು’ವಿನ ಥರವೇ ಕೇಳುತ್ತದೆ. ಸೈನಿಕರು ಮೊಣಕೈ ಬಡಿಯುತ್ತಾ ಕೋಳಿಯ ಹಾಗೆ ಕೊಕ್ಕೊಕ್ಕೋ ಎಂದು ಕೂಗಿದರು. ಎರಡನೇ ಸಲ ಆ ಸಾಲು ಬಂದಾಗ ಅವನು ಬಾಯಿ ಮುಚ್ಚಿ ನಿಂತುಬಿಟ್ಟ.

ಹೈಡ್ರೂನ್ ಆರ್ಗನ್‌ನಿಂದ ಕೈ ತೆಗೆಯಲಿಲ್ಲ. ಒಂದೇ ಸ್ವರ ಹಿಡಿದಳು, ನಿಧಾನಕ್ಕೆ ಅದನ್ನು ಬೆಳೆಸಿದಳು. ಎಲ್ಲಿಗೆ ಹೊರಟಿದ್ದೇವೆಂದು ತಿಳಿಯದೆ ನಾವೂ ಅವಳ ಹಿಂದೆ ಹೋದೆವು. ಕೋಳಿಗಳು ಸುಮ್ಮನಾದವು. ಬಿಯರಿಗೆಂದು ಎದ್ದವರು ನಿಂತಲ್ಲೇ ನಿಂತರು.

ಮುಗಿದ ಮೇಲೆ ಸಭಾಂಗಣದ ಯಜಮಾನ ಬಂದು, "ಮುಂದಿನ ತಿಂಗಳೂ ಬನ್ರಪ್ಪಾ. ಆ ಹಾಡೋದೊಂದು ಬೇಡ ನೋಡಿ," ಎಂದ. ಗೆರ್ನಾಟ್ ಪಕ್ಕದಲ್ಲೇ ಮೈಕಿನ ತಂತಿ ಸುತ್ತುತ್ತಿದ್ದ.

ವ್ಯಾನಿನಲ್ಲಿ ಹೈಡ್ರೂನ್, "ಕೊಳಲು ಕಲ್ತ್ಕೊಳೋ. ನಾನ್ ಹೇಳ್ಕೊಡ್ತೀನಿ," ಎಂದಳು.

"ಕರುಣೆ ತೋರಿಸ್ಬೇಡ ಕಣೇ. ಇವತ್ತು ನೀವು ನುಡಿಸ್ದಂಗೆ ಯಾವತ್ತೂ ನುಡಿಸಿರ್ಲಿಲ್ಲ. ನಾನ್ ಬಾಯಿ ಮುಚ್ಚಿದ್ಮೇಲೆ!"

"ಹಂಗಲ್ವೋ..."

"ಹಂಗೇನೇ. ವೇದಿಕೆ ಮೇಲೆ ಕೋಟು ನೇತಾಕೋ ಗೂಟದ್ ಥರ ನಿಂತ್ಕೊಳಕ್ಕೆ ನನ್ ಕೈಲಿ ಆಗಲ್ಲ."

ಅವನ ಮಾತು ನಿಜವೆಂದು ನನಗೂ ಗೊತ್ತಿತ್ತು.

ಮರುವಾರ ಅವನು ಅಪ್ಪನ ಬೇಕರಿ ಸೇರಿದ. ಕೊಟ್ಟಿಗೆಯಿಂದ ನಮ್ಮನ್ನು ಎಬ್ಬಿಸಲಿಲ್ಲ; ಅಭ್ಯಾಸಕ್ಕೆ ಬಂದಾಗ ಬಾಗಿಲಲ್ಲಿ ಒಮ್ಮೊಮ್ಮೆ ಕಪ್ಪು ಬ್ರೆಡ್ ಇರುತ್ತಿತ್ತು. ಅವನು ಮಾತ್ರ ಒಳಗೆ ಕಾಲಿಡಲಿಲ್ಲ.

ಎರಡು ವರ್ಷದ ಮೇಲೆ ನಮ್ಮ ಮೊದಲ ರೆಕಾರ್ಡ್ ಬಂತು. ಒಂದು ಬದಿಗೆ ಒಂದೇ ರಚನೆ, ಎಲ್ಲೂ ಮಾತಿಲ್ಲ. ಹೈಡ್ರೂನ್ ಅದನ್ನು ಬೇಕರಿಗೆ ಒಯ್ದು ಕೊಟ್ಟಳು, ನಾನು ಜೊತೆಗಿದ್ದೆ. ಗೆರ್ನಾಟ್ ಹಿಟ್ಟಿನ ಕೈ ಒರೆಸಿಕೊಂಡು, ನಮ್ಮನ್ನು ಕೂರಿಸಿ, ಎರಡು ಬದಿಯನ್ನೂ ಪೂರ್ತಿ ಕೇಳಿದ.

"ಎರಡ್ನೇ ಬದಿ ಎಳೀತೀರ ಕಣ್ರೋ," ಎಂದ ಕೊನೆಗೆ. "ನಾನಿದ್ದಿದ್ರೆ ಕತ್ತರಿಸ್ತಿದ್ದೆ."

"ಮುಂದಿನ್ ರೆಕಾರ್ಡಿಗೆ ಬಂದು ಕತ್ತರ್ಸು ಮತ್ತೆ," ಎಂದಳು ಹೈಡ್ರೂನ್.

ಭಾನುವಾರ ಕೊಟ್ಟಿಗೆಗೆ ಬಂದ.