ಮೈನಸ್ ಹನ್ನೊಂದು ಮತ್ತು ನನ್ನ ಅಣ್ಣನ ಮದುವೆ

ನನ್ನ ಅಣ್ಣ ಆನ್ಸೆಲ್‌ನ ಮದುವೆಯಲ್ಲಿ ಜಗಳ ಆಗೇ ಆಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾವಾಗ ಎನ್ನುವುದಷ್ಟೇ ಗೊತ್ತಿರಲಿಲ್ಲ. ಊಟ ಮುಗಿಯುವವರೆಗಾದರೂ ತಡೆಯಪ್ಪಾ ಎಂದು ಅಮ್ಮ ಚರ್ಚಿನಲ್ಲಿ ಬೇಡಿಕೊಂಡಿದ್ದಳಂತೆ. ದೇವರು ಸಾಸೇಜ್ ಬಡಿಸುವವರೆಗೆ ಮಾತ್ರ ತಡೆದ.

ಜಗಳದ ಮೂಲ ಡಾರಿಯಸ್ ಬೂನ್. ನಮ್ಮ ಸ್ಟರ್ಜನ್ಸ್ ಬೇಸ್‌ಬಾಲ್ ತಂಡದ ಸೆಂಟರ್ ಫೀಲ್ಡರ್. ಮೈದಾನದ ಹಿಂಬದಿಯ ಆ ದೊಡ್ಡ ಹಸಿರು ಬಯಲನ್ನು ನಡುವೆ ನಿಂತು ಕಾಯುವವನು. ಅಪ್ಪನಿಗೆ ಅವನೆಂದರೆ ಪ್ರಾಣ. ಅಪ್ಪ, ಅಂದರೆ ನಾರ್ಬರ್ಟ್ ಲಿಂಡ್‌ಕ್ವಿಸ್ಟ್, ನಮ್ಮೂರ ಹೈಸ್ಕೂಲಿನಲ್ಲಿ ವಯಸ್ಸಾಗುವವರೆಗೂ ಬೇಸ್‌ಬಾಲ್ ಕಲಿಸಿದವನು. ಬೂನ್ ಬಾಲಿಗಾಗಿ ಗಾಳಿಯಲ್ಲಿ ಅಡ್ಡಡ್ಡ ಹಾರಿದಾಗಲೆಲ್ಲ ಟಿವಿಯ ಮುಂದೆ ತಾನೂ ಸೋಫಾದ ಮೇಲೆ ಅಡ್ಡ ಬೀಳುತ್ತಿದ್ದ.

ಮದುಮಗಳು ರಮೋನಾ ವೊಯ್ಚಿಕ್ ವಿಮಾ ಕಂಪನಿಯಲ್ಲಿ ಲೆಕ್ಕ ಹಾಕುವವಳು. ಯಾರ ಮನೆಗೆ ಬೆಂಕಿ ಬೀಳಬಹುದು, ಯಾರ ಕಾರು ಮರಕ್ಕೆ ಗುದ್ದಬಹುದು, ಇಂಥವು. ವಾರದ ಕೊನೆಯಲ್ಲಿ ಅದೇ ಬುದ್ಧಿಯನ್ನು ಬೇಸ್‌ಬಾಲಿಗೆ ತಿರುಗಿಸಿ ಅಭಿಮಾನಿಗಳ ವೆಬ್‌ಸೈಟಿನಲ್ಲಿ ಬರೆಯುತ್ತಿದ್ದಳು. ‘ಬೂನ್ ನಮ್ಮ ಲೀಗಿನ ಅತ್ಯಂತ ಕಳಪೆ ಸೆಂಟರ್ ಫೀಲ್ಡರ್, ಅಂಕ ಮೈನಸ್ ಹನ್ನೊಂದು’ ಎಂದು ಬರೆದವಳೂ ಅವಳೇ. ಅದನ್ನು ಓದಿ ಅಪ್ಪ ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಬರೆದವಳು ತನ್ನ ಸೊಸೆಯಾಗುತ್ತಾಳೆಂದು ಆಗ ಅವನಿಗೇನು ಗೊತ್ತು!

ಕೆರೆಯ ಪಕ್ಕದ ಪಾರ್ಕಿನ ಹಾಲ್‌ನಲ್ಲಿ ಮದುವೆಯ ಊಟ. ಕಿಟಕಿಯಾಚೆ ಊರಿನವರ ಬೇಸ್‌ಬಾಲ್ ಮೈದಾನ. ಅಪ್ಪ ಶುಭ ಹಾರೈಸಲು ಗ್ಲಾಸು ಹಿಡಿದು ಎದ್ದ.

"ರಮೋನಾ ಚಿನ್ನದಂಥ ಹುಡುಗಿ. ನನ್ನ ಮಗನಿಗೆ ಹೇಳಿ ಮಾಡಿಸಿದ ಹಾಗಿದಾಳೆ. ಒಂದೇ ಒಂದು ಕೊರತೆ. ಕಣ್ಣು ಕಾಣಲ್ಲ."

ಹಾಲ್ ಗೊಳ್ಳೆಂದಿತು. ರಮೋನಾ ಬಿಳಿ ಗೌನು ಎತ್ತಿ ಹಿಡಿದು ಎದ್ದೇಬಿಟ್ಟಳು.

"ಕಾಣುತ್ತೆ ನಾರ್ಬರ್ಟ್. ಆದ್ರೆ ಕಣ್ಣಿಗೆ ಹಾರಿದ್ದು, ಬಿದ್ದಿದ್ದು ಮಾತ್ರ ನೆನಪಿರುತ್ತೆ. ಅದಕ್ಕೇ ಲೆಕ್ಕ ಇಡ್ತೀನಿ."

"ಹೋದ ತಿಂಗಳು ಬೂನ್ ಮೈದಾನದ ಅಂಚಿನ ಗೋಡೆ ಹತ್ತಿ ಬಾಲ್ ಕಿತ್ಕೊಂಡು ಬಂದ. ನೋಡಿದ್ಯೋ ಇಲ್ವೋ?"

"ನೋಡ್ದೆ. ಚಪ್ಪಾಳೆ ಹೊಡೆದು ಕೈಯೆಲ್ಲ ಕೆಂಪಾಯ್ತು. ಆಮೇಲೆ ವಿಡಿಯೊ ಹಾಕಿ ನೋಡಿದ್ರೆ, ಬಾಲ್ ಹಿಂದಕ್ಕೆ ಹೋಗ್ತಿದ್ರೆ ಈ ಮಹಾರಾಯ ಮೊದಲನೇ ಹೆಜ್ಜೆ ಮುಂದಕ್ಕಿಟ್ಟಿದಾನೆ! ಸರಿಯಾಗಿ ಓಡಿದ್ರೆ ಗೋಡೆ ಯಾಕೆ ಹತ್ಬೇಕಿತ್ತು? ಅಲ್ಲೇ ನಿಂತು ಹಿಡೀಬೋದಿತ್ತು."

ಅವಳ ಕಡೆಯವರು ಮೇಜು ಕುಟ್ಟಿದರು. ನಮ್ಮ ಕಡೆಯವರು "ಊ" ಎಂದು ಕೂಗಿದರು.

"ಏನಮ್ಮ ಅದು ನಿನ್ನ ಮೈನಸ್ ಹನ್ನೊಂದು? ಎಲ್ಲರಿಗೂ ಹೇಳು, ಕೇಳೋಣ."

"ತುಂಬಾ ಸುಲಭ. ಬಾಲ್ ಎಷ್ಟು ಹೊತ್ತು ಗಾಳೀಲಿತ್ತು, ಅವನು ನಿಂತಿದ್ದ ಜಾಗದಿಂದ ಎಷ್ಟು ದೂರ ಓಡ್ಬೇಕಿತ್ತು, ಅಂಥ ಬಾಲನ್ನ ಬೇರೆಯವರು ಸಾಮಾನ್ಯವಾಗಿ ಹಿಡೀತಾರಾ ಬಿಡ್ತಾರಾ. ಅಷ್ಟೇ. ಎಲ್ಲಾ ಕೂಡಿ ಕಳೆದ್ರೆ, ಸಾಧಾರಣ ಫೀಲ್ಡರ್ ಹಿಡೀತಿದ್ದ ಹನ್ನೊಂದು ಬಾಲು ಈ ವರ್ಷ ಬೂನ್ ಕೈಗೆ ಸಿಕ್ಕಿಲ್ಲ."

"ಬಲಗಡೆ ನಿಲ್ಲೋ ಮರ್ಟ್ಜ್‌ನ ಮಂಡಿ ಹೋಗಿದೆ. ಅವನ ಪಾಲಿಗೂ ಬೂನೇ ಓಡ್ಬೇಕು. ಅದು ಗೊತ್ತಾ ನಿನ್ನ ಲೆಕ್ಕಕ್ಕೆ? ಸಾಯಂಕಾಲ ಸೂರ್ಯ ನೆಟ್ಟಗೆ ಕಣ್ಣಿಗೇ ಹೊಡೀತಾನೆ. ಅದು?"

"ಸೂರ್ಯ ಎದುರು ತಂಡದವರಿಗೂ ಹೊಡೀತಾನಲ್ಲ! ಅವರೇನು ಛತ್ರಿ ತಂದಿರ್ತಾರಾ?"

ನಗು ತಡೆಯಲಾರದೆ ಹೆಡ್ವಿಗ್ ಅತ್ತೆಯ ಮೂಗಿನಿಂದ ಬ್ರಾಂದಿ ಬಂತು. ಅತ್ತೆ ಅಪ್ಪನ ಅಕ್ಕ. ಒಂದು ಕಾಲದಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದವಳು. ಯಾರ ಪರ ಎಂದು ಕೇಳಿದರೆ, ಜಗಳದ ಪರ ಎನ್ನುವವಳು.

"ಒಂದು ವರ್ಷದ ಲೆಕ್ಕ ಸಾಲದು, ಅದು ಒಪ್ಕೋತೀನಿ," ಎಂದಳು ರಮೋನಾ. "ಕಷ್ಟದ ಬಾಲು ಬರೋದೇ ಕಮ್ಮಿ. ಎರಡು ಮೂರು ವರ್ಷದ್ದು ಬೇಕು."

"ಮತ್ತೆ ಒಂದೇ ವರ್ಷಕ್ಕೆ ಗಲ್ಲಿಗೆ ಹಾಕ್ಬಿಟ್ಯಲ್ಲೇ ಅವನನ್ನ! ಏ ಆನ್ಸೆಲ್, ನೀನೇನಂತೀಯೋ?"

ಅಣ್ಣ ಬಾಯಿತುಂಬ ಕರಿದ ಚೀಸ್ ತುಂಬಿಕೊಂಡಿದ್ದ. "ನಾನು ಇವತ್ತೇ ಮದುವೆ ಆಗಿದೀನಿ. ನಂಗೇನೂ ಗೊತ್ತಿಲ್ಲ," ಎಂದ.

"ಮಾತು ಸಾಕು," ಎಂದು ಹೆಡ್ವಿಗ್ ಅತ್ತೆ ಎದ್ದಳು. "ಮೈದಾನ ಅಲ್ಲೇ ಇದೆ. ಇಬ್ರೂ ಹೋಗಿ ನಿಂತ್ಕೊಳಿ. ತಲಾ ಮೂರು ಬಾಲು ನಾನು ಹೊಡೀತೀನಿ."

ನಮ್ಮೂರಲ್ಲಿ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ಗ್ಲೌಸ್ ಇರುತ್ತದೆ. ಕ್ಷಣದಲ್ಲಿ ಗ್ಲೌಸು, ಬ್ಯಾಟು, ಬಾಲು ಎಲ್ಲ ಬಂದವು. ಇನ್ನೂರು ಜನ ಪ್ಲೇಟು ಹಿಡಿದುಕೊಂಡೇ ಹೊರಗೆ ಬಂದರು. ಪಾದ್ರಿಗಳು ತಮ್ಮ ಸಾಸೇಜನ್ನು ಕೈಯಲ್ಲೇ ಹಿಡಿದು ಅಂಪೈರ್ ಜಾಗಕ್ಕೆ ಹೋಗಿ ನಿಂತರು. ಅಮ್ಮ ಮಾತ್ರ ಬಾಗಿಲಲ್ಲಿ ಹಣೆ ಹಿಡಿದುಕೊಂಡು ಕುಳಿತಳು.

ಮೊದಲ ಸರದಿ ಅಪ್ಪನದು. ಅತ್ತೆ ಗುಲಾಬಿ ಟೋಪಿ ಸರಿಮಾಡಿಕೊಂಡು ಬೀಸಿದಳು. ಬಾಲು ಎತ್ತರಕ್ಕೆ ಹೋಯಿತು. ಅಪ್ಪ ಎರಡು ಹೆಜ್ಜೆ ಎಡಕ್ಕೆ ಹೋದ, ತಪ್ಪಾಯಿತೆಂದು ಬಲಕ್ಕೆ ಓಡಿದ, ಕೊನೆಗೆ ಸೂಟು ಸಮೇತ ಹಾರಿ ಹುಲ್ಲಿನ ಮೇಲೆ ಜಾರುತ್ತಾ ಹಿಡಿದೇಬಿಟ್ಟ! ಪರ್ ಎಂದು ಪ್ಯಾಂಟು ಹರಿದ ಸದ್ದು ನಾನಿದ್ದಲ್ಲಿಗೂ ಕೇಳಿಸಿತು. ಜನ ಹುಚ್ಚೆದ್ದು ಕೂಗಿದರು. ಮುಂದಿನ ಎರಡು ಬಾಲು ಅವನ ಕೈಗೆ ಸಿಗಲಿಲ್ಲ. ಅದನ್ನು ಯಾರೂ ಗಮನಿಸಲೂ ಇಲ್ಲ.

ಆಮೇಲೆ ರಮೋನಾ. ಕ್ಯಾನ್ವಾಸ್ ಶೂ ಹಾಕಿಕೊಂಡು, ಗೌನನ್ನು ಸೊಂಟಕ್ಕೆ ಗಂಟು ಹಾಕಿಕೊಂಡು ನಿಂತಳು. ಅತ್ತೆ ಹೊಡೆದಳು. ರಮೋನಾ ತರಕಾರಿಗೆ ಹೊರಟವಳ ಹಾಗೆ ನಾಲ್ಕು ಹೆಜ್ಜೆ ನಡೆದು ಹಿಡಿದಳು. ಇನ್ನೊಂದನ್ನೂ ಹಾಗೇ. ಚಪ್ಪಾಳೆ ಹೊಡೆದದ್ದು ಅವಳ ಅಮ್ಮ ಒಬ್ಬಳೇ.

"ನೋಡಿದ್ರಾ?" ರಮೋನಾ ಅಲ್ಲಿಂದಲೇ ಕೂಗಿದಳು. "ನಾನು ಬಿಟ್ಟಿಲ್ಲ, ಅವರು ಎರಡು ಬಿಟ್ರು. ಕಿರುಚಿದ್ದು ಮಾತ್ರ ಅವರಿಗೆ! ಇದನ್ನೇ ನಾನು ಹೇಳೋದು!"

ಕೊನೆಯ ಬಾಲನ್ನು ಅತ್ತೆ ಸಿಟ್ಟಿನಿಂದೆಂಬಂತೆ ಬಾರಿಸಿದಳು. ರಮೋನಾ ಮುಂದಕ್ಕೆ ಓಡಿಬಂದಳು. ಬಾಲು ತಲೆಯ ಮೇಲಿಂದ ಹಿಂದಕ್ಕೆ ಹೊರಟಿತ್ತು. "ಅಯ್ಯೋ!" ಎಂದು ತಿರುಗಿದಳು, ಸೊಂಟದ ಗಂಟು ಬಿಚ್ಚಿತು, ಗೌನಿನ ಬಾಲವನ್ನು ತಾನೇ ತುಳಿದಳು, ಬೆನ್ನ ಮೇಲೆ ಬಿದ್ದಳು. ಬಿದ್ದಲ್ಲಿಂದಲೇ ಕೈಯೆತ್ತಿದಳು. ಬಾಲು ಬಂದು ಗ್ಲೌಸಿನಲ್ಲಿ ಕುಳಿತಿತು.

ಅಂಥ ಕೂಗನ್ನು ನಾನು ಸ್ಟೇಡಿಯಂನಲ್ಲೂ ಕೇಳಿಲ್ಲ. ಪ್ಲೇಟುಗಳು ಹಾರಿದವು. ಪಾದ್ರಿಗಳು ಸಾಸೇಜು ಬೀಸುತ್ತಾ "ಔಟ್! ಔಟ್!" ಎಂದು ಕುಣಿದರು. ರಮೋನಾ ಹುಲ್ಲು ಮೆತ್ತಿದ ಗೌನಿನಲ್ಲಿ ಎದ್ದು, ಬಾಲನ್ನು ಎತ್ತಿ ಹಿಡಿದು, "ಹಿಡಿದೆ! ಹಿಡಿದೆ ಕಣ್ರೋ!" ಎಂದು ಮೈದಾನವೆಲ್ಲ ಓಡಿದಳು.

ಅಪ್ಪ ಹರಿದ ಪ್ಯಾಂಟನ್ನು ಹಿಂದಿನಿಂದ ಒಂದು ಕೈಯಲ್ಲಿ ಮುಚ್ಚಿಕೊಂಡು ಅವಳತ್ತ ಹೋದ. ನಾನೂ ಹಿಂದೆಯೇ ಓಡಿದೆ.

"ಇದಕ್ಕೆ ನಿನ್ನ ಲೆಕ್ಕ ಎಷ್ಟು ಕೊಡುತ್ತೆ?"

ಅವಳು ಏದುಸಿರು ಬಿಡುತ್ತಾ ನಕ್ಕಳು. "ಹೆಚ್ಚೇನಿಲ್ಲ. ಸುಲಭದ ಬಾಲು. ನಾನೇ ದಡ್ಡಿ, ಮುಂದಕ್ಕೆ ಓಡ್ದೆ. ಆದ್ರೆ ನಾರ್ಬರ್ಟ್, ಇದನ್ನ ನಾನು ಸಾಯೋವರೆಗೂ ಹೇಳ್ಕೊಂಡು ತಿರುಗ್ತೀನಿ!"

ಅಪ್ಪ ನಗಲಿಲ್ಲ. ಯಾವುದೋ ಬೇರೆ ಯೋಚನೆಯಲ್ಲಿದ್ದ.

"ಅದು ಬಿಡು. ಅದಕ್ಕೆ ಮುಂಚಿನ ಎರಡು. ಅಕ್ಕ ಬ್ಯಾಟ್ ಎತ್ತೋ ಮುಂಚೆನೇ ನೀನು ಬಲಕ್ಕೆ ಸರಿದೆ. ಯಾಕೆ?"

"ಅವರ ಭುಜ ಆ ಕಡೆ ತಿರುಗಿತ್ತು. ಅಲ್ಲಿಗೇ ಬರುತ್ತೆ ಅನ್ನಿಸ್ತು."

"ಬಾಲ್ ಹೊಡೆದಾಗ ಎಲ್ಲಿ ನಿಂತಿದ್ಯೋ ಅಲ್ಲಿಂದ ಅಲ್ವಾ ನಿನ್ನ ಲೆಕ್ಕ ಅಳೆಯೋದು?"

"ಹೂಂ."

"ಅಂದ್ರೆ ನೀನು ಮೊದಲೇ ಸರಿದಿದ್ದಕ್ಕೆ ಏನೂ ಸಿಗಲ್ಲ. ಹತ್ತಿರ ನಿಂತಿದ್ಲು, ಸುಲಭದ ಬಾಲು ಅಂತ ಬರ್ಕೊಳುತ್ತೆ. ಅಷ್ಟು ಚೆನ್ನಾಗಿ ಗೆಸ್ ಮಾಡಿದೀಯ, ಪುಕ್ಕಟೆ ಹೋಯ್ತಲ್ಲೇ!" ಅಪ್ಪನ ಮುಖ ನಿಜವಾಗಿಯೂ ಕೆಂಪಾಗಿತ್ತು. "ನಿಂಗೆ ಅನ್ಯಾಯ ಆಗಿದೆ! ನನ್ನ ಸೊಸೆಗೆ ಅನ್ಯಾಯ ಆಗಿದೆ!"

ಲೆಕ್ಕದಲ್ಲಿ ಈ ತೂತಿದೆ ಎಂದು ರಮೋನಾಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ಅದರಿಂದ ತನಗೇ ಪೆಟ್ಟು ಬಿದ್ದದ್ದು ಇದೇ ಮೊದಲು. "ಹೌದಲ್ಲ!" ಎಂದು ಅಪ್ಪನ ತೋಳು ಹಿಡಿದಳು. "ನಿಮ್ಮನ್ನ ನೋಡಿ ನಂಗೂ ಒಂದು ಗೊತ್ತಾಯ್ತು. ನೀವು ಎಡಕ್ಕೆ ಹೋಗಿ ತಪ್ಪಿದ್ರಿ. ಆದ್ರೆ ಆಮೇಲೆ ಓಡಿದ್ದೀರಲ್ಲ, ಅಬ್ಬಾ! ತಪ್ಪಿದ ಮೇಲೂ ಕೈಬಿಡದೇ ಹಿಡಿಯೋದನ್ನ ನಾನು ಬರೀ ತಪ್ಪು ಅಂತ ಬರೆದಿದ್ದೆ."

"ಅಂದ್ರೆ ಬೂನ್ ಒಳ್ಳೆ ಫೀಲ್ಡರ್ ಅಂತೀಯಾ?"

"ಇಲ್ಲ ಇಲ್ಲ. ಕೆಟ್ಟ ಫೀಲ್ಡರ್ರೇ. ಆದ್ರೆ ನೋಡೋಕೆ ಟಿಕೆಟ್ ತಗೋಬೇಕಾದ ಕೆಟ್ಟ ಫೀಲ್ಡರ್."

ಅಪ್ಪ ಈಗ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಗೆ ಹಿಡಿದುಕೊಳ್ಳಲು ಎರಡೂ ಕೈ ಬೇಕಾದ್ದರಿಂದ ಹಿಂಭಾಗದ ಪ್ಯಾಂಟು ಅನಾಥವಾಯಿತು. ಇನ್ನೂರು ಜನರಿಗೂ ಅವನ ಪಟ್ಟೆಪಟ್ಟೆ ಚಡ್ಡಿಯ ದರ್ಶನವಾಯಿತು.

ಅಷ್ಟರಲ್ಲಿ ಮೈದಾನ ಅವರಿಬ್ಬರ ಕೈತಪ್ಪಿ ಹೋಗಿತ್ತು. ಎರಡೂ ಕಡೆಯ ನೆಂಟರು ಸಾಲುಗಟ್ಟಿ ನಿಂತಿದ್ದರು. ಅತ್ತೆ ಬ್ಯಾಟನ್ನು ಯಾರಿಗೂ ಕೊಡಲೊಲ್ಲಳು. ಆನ್ಸೆಲ್ ಒಂದು ಬಾಲು ಹಿಡಿದು ಹೆಂಡತಿಗೆ ಮುತ್ತು ಕೊಡಲು ಓಡಿಬಂದ. ರಮೋನಾ "ಇರು, ಇರು, ನಿಮ್ಮಪ್ಪ ಏನೋ ಹೇಳ್ತಿದಾರೆ," ಎಂದು ಅವನನ್ನು ಪಕ್ಕಕ್ಕೆ ತಳ್ಳಿದಳು. ಹಾಲ್‌ನಲ್ಲಿ ವಾದ್ಯದವರು ಖಾಲಿ ಕುರ್ಚಿಗಳಿಗೆ ಪೋಲ್ಕಾ ಕುಣಿತದ ಹಾಡು ನುಡಿಸಲು ಶುರುಮಾಡಿದರು.

ನಾನೂ ಹೈಹೀಲ್ಸ್ ಬಿಚ್ಚಿ ಹುಲ್ಲಿನ ಮೇಲೆ ಬಿಸಾಕಿ, ಯಾರದೋ ಗ್ಲೌಸು ಕಿತ್ತುಕೊಂಡು ಓಡಿದೆ. ಅತ್ತೆ ನನಗೆಂದೇ ಮೆತ್ತಗೆ ಒಂದು ಹೊಡೆದಳು. ಬಾಲು ನಿಧಾನವಾಗಿ, ನೇರವಾಗಿ ನನ್ನ ಮೇಲೇ ಬಂತು. ಗ್ಲೌಸಿಗೆ ತಾಗಿ ನೆಲಕ್ಕೆ ಬಿತ್ತು.

"ಅಯ್ಯೋ, ಅದನ್ನೂ ಬಿಡ್ತಾರೇನೇ!" ಎಂದು ಅಪ್ಪ, ರಮೋನಾ ಇಬ್ಬರೂ ಒಂದೇ ಉಸಿರಿಗೆ ಕೂಗಿದರು.